ತಪಾಸಣೆಯ ಕನ್ನಡಿ ಸಿಕ್ಕ ಜಾಗ

೧೧ ಆಗಸ್ಟ್ ೧೯೮೭. ಆಧಾರ: ಬೆಂಗಳೂರಿನಲ್ಲಿದ್ದು ಈಗ ಮುಚ್ಚಿಹೋಗಿರುವ ವಿಮಾನ ದುರಸ್ತಿ ಕೇಂದ್ರವೊಂದರ ಉಪಕರಣ ಪುಸ್ತಕ, ಅದರ ಆ ದಿನದ ಪುಟದ ಜೆರಾಕ್ಸ್ ಪ್ರತಿ. ಇದು ನನ್ನ ಕೈಸೇರಿದ್ದು ಕಳೆದ ವಾರ, ಇಜೇರಿ ಎಂಬ ಊರಿನಿಂದ ಮರಳಿದ ಒಂಬತ್ತು ದಿನಗಳ ಮೇಲೆ. ಮೊದಲೇ ಬಂದಿದ್ದರೆ ಅಲ್ಲಿ ಒಬ್ಬ ಹೆಣ್ಣುಮಗಳಿಗೆ ಬೇರೆ ಉತ್ತರ ಕೊಡುತ್ತಿದ್ದೆ.

ಬೆಂಗಳೂರು ವಿಮಾನೋದ್ಯಮದ ಕೇಂದ್ರವಾಗಿ ಬೆಳೆದದ್ದೇಕೆ ಎಂಬ ಲೇಖನಕ್ಕಾಗಿ ಹಳೆಯ ಕಾಗದಗಳನ್ನು ತರಿಸುತ್ತಿದ್ದೆ. ರನ್‌ವೇ, ಪ್ರಯೋಗಾಲಯ, ತರಬೇತಿ ಶಾಲೆ, ಪುಟ್ಟ ಬೋಲ್ಟನ್ನೂ ಕೂದಲೆಳೆಯ ಅಳತೆಗೆ ಕಡೆದುಕೊಡುವ ಲೇತ್ ಅಂಗಡಿ ಎಲ್ಲವೂ ಒಂದೇ ಊರಿನಲ್ಲಿದ್ದುದು ಕಾರಣವೆಂದು ಬರೆದಿದ್ದೆ. ಆದರೆ ನಾನು ಕಂಡ ನಿಜವಾದ ಬಲ ಬೇರೆ: ಬಿರುಕು ಹುಡುಕುವ ಸಂಶೋಧಕನೂ ಅದನ್ನು ಸರಿಪಡಿಸುವ ಫಿಟ್ಟರನೂ ಒಂದೇ ವಿಮಾನದ ಕೆಳಗೆ ನಿಂತು ಮಾತಾಡಬಹುದಿತ್ತು. ನಾನು ಅಫಜಲಪುರ ತಾಲೂಕಿನ ಅತನೂರಿನವನು. ನನ್ನ ಜೊತೆಗಿದ್ದ ಫಿಟ್ಟರ್ ಜೇವರ್ಗಿ ಕಡೆಯ ಇಜೇರಿಯವನು; ಮನೆಮಾತು ದಖನಿ ಉರ್ದು, ನನ್ನೊಡನೆ ನಮ್ಮ ಕಡೆಯ ಕನ್ನಡ.

ಆ ಕೇಂದ್ರದಲ್ಲಿ ಉಪಕರಣ ತೆಗೆದುಕೊಂಡವನು ಅದರ ಮೊಳೆಗೆ ತನ್ನ ಸಂಖ್ಯೆಯ ಹಿತ್ತಾಳೆ ಬಿಲ್ಲೆಯನ್ನು ತೂಗುಹಾಕಬೇಕು. ಸಂಜೆ ಒಂದು ಬಿಲ್ಲೆ ಮೊಳೆಯಲ್ಲಿ ಉಳಿದರೂ, ಉಪಕರಣ ಒಳಗೆಲ್ಲೋ ಬಿದ್ದಿರಬಹುದೆಂದು, ವಿಮಾನ ಹಾರುವಂತಿಲ್ಲ. ಬಿರುಕು ಪರೀಕ್ಷಿಸಲು ಪ್ರಯೋಗಾಲಯದಿಂದ ಹೋಗುತ್ತಿದ್ದ ನನಗೆ ಬಿಲ್ಲೆಯಿರಲಿಲ್ಲ. ಕಣ್ಣಿಗೆ ನಿಲುಕದ ಸಂದುಗಳನ್ನು ನೋಡುವ, ಉದ್ದ ಹಿಡಿಕೆಯ ಪುಟ್ಟ ತಪಾಸಣೆ ಕನ್ನಡಿ ಬೇಕಾದಾಗಲೆಲ್ಲ ಅವನ ಬಿಲ್ಲೆಯನ್ನೇ ಕೇಳುತ್ತಿದ್ದೆ. ನಿಯಮದಂತೆ ಅವನು ಕೊಡಬಾರದಿತ್ತು. ಆದರೆ ಊರ ಕಡೆಯವರು ಕೇಳಿದರೆ ಇಲ್ಲವೆನ್ನುವುದು ನಮ್ಮಲ್ಲಿ ರೂಢಿಯಿಲ್ಲ.

“ಏನ್ರಿ ಅತನೂರ ಸಾಹೇಬ್ರ, ವಿಮಾನ ಪಾಸು-ಫೇಲು ಮಾಡೋರಿಗೆ ಒಂದ್ ಬಿಲ್ಲೆ ಇಲ್ಲೇನ್ರಿ? ತಗೋರಿ, ನಂದೇ ಹಾಕ್ರಿ” ಎಂದು ನಗುತ್ತಿದ್ದ.

“ಕಳದ್ರ ನೀ ಸಿಕ್ಕಬೀಳ್ತಿ ನೋಡಪಾ.”

“ನೀವು ಕಳಿಯೋ ಮಂದಿ ಏನ್ರಿ? ತಾರೀಖ್ ಸುದ್ದಾ ಮರಿಯಂಗಿಲ್ಲ ನೀವು!”

ಒಂದು ಸಂಜೆ ಕನ್ನಡಿ ಬರಲಿಲ್ಲ. ಮೊಳೆಯಲ್ಲಿ ಅವನ ಬಿಲ್ಲೆ ತೂಗುತ್ತಿತ್ತು. ನನ್ನ ನೆನಪು ಹೀಗಿದೆ: ಅಂದು ಶುಕ್ರವಾರ. ಅವನು ಮಧ್ಯಾಹ್ನದ ನಮಾಜಿಗೆ ಅವಸರದಲ್ಲಿ ಹೊರಟು, ತಾನು ಕೆಲಸ ಮಾಡುತ್ತಿದ್ದ ರೆಕ್ಕೆಯಲ್ಲೇ ಕನ್ನಡಿಯನ್ನು ಮರೆತ. ಅದು ರೆಕ್ಕೆಯೊಳಗೇ ಸಿಕ್ಕಿತು. ನಾನು ಒಯ್ದದ್ದನ್ನು ಮರಳಿಸಿದ್ದೆ. ಆದ್ದರಿಂದ ಅವನ ಬಿಲ್ಲೆಯನ್ನು ನಾನೂ ಬಳಸುತ್ತಿದ್ದೆನೆಂದು ವಿಚಾರಣೆಯಲ್ಲಿ ಹೇಳಲಿಲ್ಲ. ಅವನನ್ನು ವಿಮಾನದ ಕೆಲಸದಿಂದ ಬಿಡಿಸಿ ಉಗ್ರಾಣಕ್ಕೆ ಹಾಕಿದರು. ಎರಡು ವರ್ಷ ಅಲ್ಲಿದ್ದು, ಕೆಲಸ ಬಿಟ್ಟು ಊರಿಗೆ ಹೋದ.

ಅವನು ತೀರಿಕೊಂಡ ಸುದ್ದಿ ತಿಳಿದು ಇಜೇರಿಗೆ ಹೋದೆ. ಮನೆಯ ಗೋಡೆಯ ಮೇಲೆ ಕುಡಗೋಲು, ಕೊಡಲಿ, ಸುತ್ತಿಗೆ. ಒಂದೊಂದರ ಸುತ್ತಲೂ ಅದರದೇ ಆಕಾರದ ಇದ್ದಿಲು ಗೆರೆ.

“ಹೊಲಕ್ಕ ಹೋಗೂಮುಂದ ಎಣಿಸೋರು, ಬಂದ್ ಮ್ಯಾಲ ಎಣಿಸೋರು. ಮಂದಿ ನಗ್ತಿದ್ರು” ಎಂದರು ಅವನ ಹೆಂಡತಿ. “ಮದಲ ‘ನಾ ಒಯ್ದೇ ಇಲ್ಲ’ ಅಂತಿದ್ರು. ಬರಬರ್ತಾ ‘ನಾನೇ ಮರ್ತೇನೇನೋ’ ಅನ್ನಾಕತ್ರು. ನೀವು ಅಲ್ಲೇ ಇದ್ರಿ. ಹೇಳ್ರಿ ಅಣ್ಣಾ, ಅವರೇ ಮರ್ತಿದ್ರೇನ್ರಿ?”

“ಶುಕ್ರವಾರ ಇತ್ತವಾ. ನಮಾಜಿನ ಗಡಿಬಿಡಿ. ಯಾರಿಗಾದ್ರೂ ಮರವು ಇರ್ತದ.”

“ಹಂಗಾದ್ರ ಅವರದೇ ತಪ್ಪು ಬಿಡ್ರಿ” ಎಂದು ಅವರು ಎದ್ದು, ಕುಡಗೋಲಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ನಾನು ಚಹಾ ಕುಡಿದು ಬಂದೆ.

ಈಗ ಪುಟವನ್ನು ಆ ವರ್ಷದ ಪಂಚಾಂಗದೊಡನೆ ಎರಡು ಸಲ ಹೋಲಿಸಿ ನೋಡಿದ್ದೇನೆ. ಕನ್ನಡಿ ಕಳೆದ ಆ ದಿನ, ೧೧ ಆಗಸ್ಟ್ ೧೯೮೭, ಮಂಗಳವಾರ. ಅದು ಸಿಕ್ಕ ಜಾಗ ರೆಕ್ಕೆಯಲ್ಲ, ವಿಮಾನದ ಬಾಲದ ಒಳಭಾಗ. ಅಂದು ಬಾಲದ ಬಿರುಕನ್ನು ಪರೀಕ್ಷಿಸಿದವರ ಅಂಕಣದಲ್ಲಿ ಒಂದೇ ಸಹಿ ಇದೆ, ಅದು ನನ್ನದು.