ಕುರ್ಚಿಯ ಮೇಲಿನ ಚರ್ಮದ ಚೀಲ

ಬಾಯಿ ತುಂಬ ಮೊಳೆ ಇಟ್ಟುಕೊಂಡು ಕೆಲಸ ಮಾಡುವವರನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ಹೇಳಹೊರಟಿರುವುದು ಅಂಥವಳೊಬ್ಬಳ ಕತೆ. ಹಳೆಯ ಸೋಫಾ, ಕುರ್ಚಿಗಳ ಹರಿದ ಹೊದಿಕೆ ಕಿತ್ತು, ಒಳಗಿನ ಸ್ಪ್ರಿಂಗು ಸರಿಮಾಡಿ, ಹೊಸ ಬಟ್ಟೆ ಬಿಗಿದು ಕೊಡುವುದು ಅವಳ ಕಸುಬು. ಒಂದು ಕೈ ಬಟ್ಟೆಯನ್ನು ಎಳೆದು ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ತೆಗೆದುಕೊಡಲು ಮೂರನೆಯ ಕೈಯನ್ನು ದೇವರು ಕೊಡಲಿಲ್ಲವಾದ್ದರಿಂದ ಆ ಕೆಲಸವನ್ನು ಅವಳು ಬಾಯಿಗೆ ವಹಿಸಿದ್ದಳು. ಒಂದು ಹಿಡಿ ಸಣ್ಣ ಮೊಳೆ ಬಾಯೊಳಗೆ ಹೋದರೆ, ನಾಲಿಗೆ ಒಂದೊಂದನ್ನೇ ತಲೆ ಮುಂದಾಗಿ ತುಟಿಯ ಅಂಚಿಗೆ ತಂದು ನಿಲ್ಲಿಸುತ್ತಿತ್ತು. ಹೀಗಾಗಿ ಬೀದಿಯವರಿಗೆಲ್ಲ ಅವಳು ಮೊಳೆಯಕ್ಕ.

ಈ ಪದ್ಧತಿಯಿಂದ ಹೆಚ್ಚು ಲಾಭವಾದದ್ದು ಅವಳ ಗಂಡನಿಗೆ. ಅವನದೊಂದು ಟೆಂಪೊ ಇತ್ತು, ಗಿರಾಕಿಗಳ ಮನೆಯಿಂದ ಸೋಫಾ ತರುವುದು, ರಿಪೇರಿಯಾದ ಮೇಲೆ ಮುಟ್ಟಿಸುವುದು ಅವನ ಪಾಲು. ಹೆಂಡತಿಯ ಮಾತು ಶುರುವಾಯಿತೆಂದರೆ ನಿಲ್ಲುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. "ಮೊಳೆ ಖಾಲಿಯಾಯ್ತೇನೇ? ಇನ್ನೊಂದು ಹಿಡಿ ಕೊಡ್ಲಾ?" ಎಂದು ಡಬ್ಬಿ ಹಿಡಿದುಕೊಂಡೇ ಬರುತ್ತಿದ್ದ. ಅವಳು ಬಾಯಿ ತೆರೆಯಲಾಗದೆ ಕಣ್ಣಲ್ಲೇ ಬೈಯುತ್ತಿದ್ದಳು.

ಮನುಷ್ಯರನ್ನು ಅಳೆಯಲು ಮೊಳೆಯಕ್ಕನಿಗೆ ಅವರು ಕೂತ ಕುರ್ಚಿ ಸಾಕಾಗಿತ್ತು. ನಡು ಕುಸಿದಿದ್ದರೆ ಸೋಮಾರಿ, ಮುಂದಿನ ಅಂಚು ಮಾತ್ರ ಸವೆದಿದ್ದರೆ ಸದಾ ಹೆದರಿಕೆಯವನು, ಒಂದು ಕೈ ಮಾತ್ರ ಜಿಡ್ಡಾಗಿದ್ದರೆ ಟಿ.ವಿ. ಮುಂದೆ ತಿನ್ನುವವನು. ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಗಂಡನ ಕುರ್ಚಿಯ ಬಗ್ಗೆ ಮಾತ್ರ ಅವಳು ಏನೂ ಹೇಳುತ್ತಿರಲಿಲ್ಲ. ಅದು ಎಲ್ಲ ಕಡೆ ಸಮನಾಗಿ ಸವೆದಿತ್ತು.

ಇಂಥ ಮೊಳೆಯಕ್ಕನ ಎದೆಯಲ್ಲಿ ಗಂಟು ಸಿಕ್ಕಿತು. ಕ್ಯಾನ್ಸರ್ ಎಂದರು, ಆಪರೇಷನ್ ಮಾಡಿ ತೆಗೆದರು. ಎಲ್ಲಾದರೂ ಒಂದು ಚೂರು ಅಡಗಿ ಕೂತಿದ್ದರೆ ಅದನ್ನೂ ಸಾಯಿಸಬೇಕು ಎಂದು ಕೆಲವು ವಾರಗಳಿಗೊಮ್ಮೆ ಡ್ರಿಪ್ಪಿನಲ್ಲಿ ಕೀಮೋ ಕೊಡುವುದೆಂದಾಯಿತು. ಕೂದಲು ಉದುರುತ್ತದೆ ಎಂದಾಗ ಅವಳು ತಲೆಯಾಡಿಸಿದಳು. ವಾಂತಿಯಾಗುತ್ತದೆ ಎಂದಾಗಲೂ ತಲೆಯಾಡಿಸಿದಳು. "ಬಾಯಿ ಹುಣ್ಣಾಗುತ್ತೆ, ಮೈಯಲ್ಲಿ ಸೋಂಕು ತಡೆಯೋ ಶಕ್ತಿ ಇರಲ್ಲ. ಸಣ್ಣ ಗೀರಾದ್ರೂ ಕಷ್ಟ. ಬಾಯಿಗೆ ಮೊಳೆ ಹಾಕೋದು ಬಂದ್" ಎಂದು ಡಾಕ್ಟರಮ್ಮ ಹೇಳಿದಾಗ ಮಾತ್ರ ಅವಳ ಕಣ್ಣಲ್ಲಿ ನೀರು ಬಂತು. ಗಂಡನಿಗೂ ಬಂತು ಎಂದು ಹೇಳುವವರಿದ್ದಾರೆ, ಕಾರಣ ಬೇರೆ ಇರಬಹುದು.

ಕೀಮೋ ವಾರ್ಡೆಂದರೆ ಉದ್ದನೆಯ ಕೋಣೆ. ಕಿಟಕಿಯ ಉದ್ದಕ್ಕೂ ಹಿಂದಕ್ಕೆ ಒರಗುವ ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಂದು ಡ್ರಿಪ್ ಕಂಬ. ಮೊದಲ ಸಲ ಹೋದ ದಿನ ಮೊಳೆಯಕ್ಕ ಕೂರುವ ಮೊದಲು ಕುರ್ಚಿಯನ್ನು ಅಂಗೈಯಲ್ಲಿ ಒತ್ತಿನೋಡಿ ಮುಖ ಸಿಂಡರಿಸಿದಳು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹಿರಿಯ ಹೆಂಗಸು ಇದನ್ನೆಲ್ಲ ನೋಡುತ್ತಿದ್ದರು.

"ಏನಮ್ಮಾ, ಕುರ್ಚಿ ಕೊಂಡ್ಕೊಳೋಕೆ ಬಂದ್ಯಾ?"

"ಕೊಟ್ರೂ ಬೇಡಕ್ಕಾ. ಸ್ಪ್ರಿಂಗು ಸತ್ತೋಗಿದೆ. ನಿಮ್ಮದಂತೂ ಇನ್ನೂ ಅನ್ಯಾಯ, ಹೊಂಡದಲ್ಲಿ ಕೂತ ಹಾಗೆ ಕೂತಿದ್ದೀರಿ."

ಆ ಹೆಂಗಸು ಬಸ್ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾಗಿ ವರ್ಷಗಳಾದರೂ ಟಿಕೆಟ್ಟಿನ ಕಾಲದ ಚರ್ಮದ ಚೀಲ ಹೆಗಲಿನಿಂದ ಇಳಿದಿರಲಿಲ್ಲ. ಈಗ ಅದರಲ್ಲಿ ಮಾತ್ರೆ, ಕನ್ನಡಕ, ನೀರಿನ ಬಾಟಲಿ. ಅವರ ಕ್ಯಾನ್ಸರ್ ರಕ್ತದ್ದು. ಗಂಟು ಎಂದು ಒಂದು ಕಡೆ ಇರುವುದಿಲ್ಲವಾದ್ದರಿಂದ ಕತ್ತರಿಸಿ ಎಸೆಯುವಂತಿಲ್ಲ, ಔಷಧಿಯಲ್ಲೇ ಹತೋಟಿಯಲ್ಲಿಡಬೇಕು. "ನನ್ನ ಕಾಯಿಲೆ ಪಾಸ್ ಇಟ್ಕೊಂಡಿರೋ ಪ್ರಯಾಣಿಕ ಇದ್ದ ಹಾಗೆ, ಇಳಿ ಅಂದ್ರೂ ಇಳಿಯಲ್ಲ" ಎಂದು ಕಂಡಕ್ಟರಮ್ಮ ನಕ್ಕರು. ಮೊಳೆಯಕ್ಕನಿಗೆ ಆ ಕ್ಷಣವೇ ಅವರು ಇಷ್ಟವಾಗಿಬಿಟ್ಟರು.

ಮುಂದಿನ ಸಲ ಮೊಳೆಯಕ್ಕ ಸುತ್ತಿಗೆ ತಂದಳು. ವಾರ್ಡಿನ ದೊಡ್ಡ ನರ್ಸ್ ಹೌಹಾರಿ ಅದನ್ನು ಕಿತ್ತಿಟ್ಟುಕೊಂಡರು. ಅದರ ಮುಂದಿನ ಸಲ ಬಾಗಿದ ದಪ್ಪ ಸೂಜಿ, ಗಟ್ಟಿ ದಾರ, ಒಂದು ತುಂಡು ಫೋಮು ಬಂತು. ಡ್ರಿಪ್ ಹಾಕುವುದಕ್ಕೆ ಮುಂಚೆಯೇ ಕಂಡಕ್ಟರಮ್ಮನನ್ನು ಎಬ್ಬಿಸಿ ನಿಲ್ಲಿಸಿ, ಕುರ್ಚಿಯ ತಳವನ್ನು ಬಿಚ್ಚಿ ಹೊಲಿದು ಬಿಗಿದಳು. ಸದ್ದಾಗುವ ಕೆಲಸವಲ್ಲವಾದ್ದರಿಂದ ದೊಡ್ಡ ನರ್ಸ್ ಬೇರೆ ಕಡೆ ನೋಡಿದರು. ತನ್ನ ಕುರ್ಚಿಗೆ ಫೋಮು ಉಳಿಯಲಿಲ್ಲ. ಅವಳ ಸ್ಪ್ರಿಂಗು ಸತ್ತೇ ಇತ್ತು.

ಅವತ್ತಿನಿಂದ ಇಬ್ಬರಿಗೂ ಒಂದು ಒಪ್ಪಂದ. ಕಂಡಕ್ಟರಮ್ಮ ಯಾವಾಗಲೂ ಬೇಗ ಬರುವವರು. ಬಂದವರೇ ಪಕ್ಕದ ಕುರ್ಚಿಯ ಮೇಲೆ ತಮ್ಮ ಚರ್ಮದ ಚೀಲ ಇಟ್ಟು ಸೀಟು ಹಿಡಿಯುತ್ತಿದ್ದರು. ಯಾರಾದರೂ ಕೂರಲು ಬಂದರೆ "ಮುಂದೆ ಹೋಗಿ, ಮುಂದೆ ಖಾಲಿ ಇದೆ" ಎನ್ನುವ ಹಳೆಯ ಗಂಟಲು ಹೊರಬರುತ್ತಿತ್ತು. ಮೊಳೆಯಕ್ಕ ಬಂದ ಮೇಲೆ ಡ್ರಿಪ್ ಮುಗಿಯುವವರೆಗೂ ಇಬ್ಬರ ಮಾತೂ ಮುಗಿಯುತ್ತಿರಲಿಲ್ಲ. ಕೀಮೋಗೆ ಹೋಗಲು ಆಸೆಪಡುವವರು ಲೋಕದಲ್ಲಿ ಯಾರಾದರೂ ಇದ್ದರೆ ಅದು ಈ ಇಬ್ಬರೇ ಇರಬೇಕು.

ಇದರ ನಡುವೆ ಕೊರೊನಾ ಬಂತು. ಬೀದಿಗಳು ಬಣಗುಟ್ಟಿದವು, ಸೋಫಾ ರಿಪೇರಿ ಯಾರಿಗೂ ನೆನಪಾಗಲಿಲ್ಲ. ವಾರ್ಡಿನಲ್ಲಿ ಕುರ್ಚಿಗಳ ನಡುವೆ ಅಂತರ ಬಂತು, ಮುಖಗಳಿಗೆ ಮಾಸ್ಕ್ ಬಂತು, ಬಾಗಿಲಲ್ಲಿ ಜ್ವರ ನೋಡುವ ಪಿಸ್ತೂಲು ಹಿಡಿದ ಗಾರ್ಡ್ ಬಂದ. ಜ್ವರವಿದ್ದವರನ್ನು ಅಲ್ಲಿಂದಲೇ ಪರೀಕ್ಷೆಗೆ ಕಳಿಸುತ್ತಿದ್ದರು. ಸೋಂಕಿದ್ದರೆ ಕೀಮೋ ಮುಂದಕ್ಕೆ.

ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದ್ದರು. "ಕ್ಯಾನ್ಸರ್ ಇರೋರಿಗೆ ಈ ಸೋಂಕು ಬೇರೆಯವರಿಗಿಂತ ಜೋರಾಗಿ ಬರೋ ಸಂಭವ ಹೆಚ್ಚು. ಆದ್ರೆ ಎಲ್ಲರಿಗೂ ಒಂದೇ ಥರ ಅಲ್ಲ. ನಿಮಗೆ ಬಂದ್ರೆ ಹುಷಾರಾಗಿ ನೋಡ್ಕೋಬೇಕು" ಎಂದು ಮೊಳೆಯಕ್ಕನಿಗೆ ಹೇಳಿ, ಕಂಡಕ್ಟರಮ್ಮನ ಕಡೆ ತಿರುಗಿದರು. "ನಿಮಗೆ ಬರಲೇಬಾರದು. ಸೋಂಕಿನ ಜೊತೆ ಹೋರಾಡೋ ಕಣಗಳಲ್ಲೇ ನಿಮ್ಮ ಕಾಯಿಲೆ ಇರೋದು. ಲಸಿಕೆ ಕೂಡ ನಿಮ್ಮಂಥವರ ಮೈಗೆ ಅಷ್ಟಾಗಿ ಹತ್ತಲ್ಲ. ಒಂದ್ಸಲ ಒಳಹೊಕ್ಕರೆ ವೈರಸ್ ವಾರಗಟ್ಟಲೆ ಬಿಟ್ಟು ಹೋಗಲ್ಲ, ಜೀವಕ್ಕೇ ಸಂಚಕಾರ."

"ಅದಕ್ಕೂ ಪಾಸ್ ಇರುತ್ತೆ ಅನ್ನಿ" ಎಂದರು ಕಂಡಕ್ಟರಮ್ಮ. ಮೊಳೆಯಕ್ಕ ನಗಲಿಲ್ಲ.

ಹೀಗೆ ದಿನ ನೂಕಿ ನೂಕಿ ಮೊಳೆಯಕ್ಕನ ಕೊನೆಯ ಡೋಸು ಹತ್ತಿರ ಬಂತು. ಅವಳ ತಲೆಯಲ್ಲಿ ಒಂದೇ ಮಾತು ಕೂತುಬಿಟ್ಟಿತ್ತು: ಹೊದಿಕೆಯ ಮೂರು ಕಡೆ ಬಿಗಿದು ನಾಲ್ಕನೆಯ ಕಡೆ ಬಿಟ್ಟರೆ ಬಟ್ಟೆಯೆಲ್ಲ ಸಡಿಲ. ಕೊನೆಯ ಡೋಸು ತಪ್ಪಿದರೆ ಇಷ್ಟು ದಿನದ ಸಂಕಟವೆಲ್ಲ ನೀರಿನಲ್ಲಿ ಹೋಮ, ಅಡಗಿ ಕೂತದ್ದು ಎದ್ದು ಬರುತ್ತದೆ, ತಾನು ಸಾಯುತ್ತೇನೆ. ಡಾಕ್ಟರಮ್ಮ ಹಾಗೆಂದು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ, ಹೌದು ಎಂದುಬಿಟ್ಟಾರೆಂಬ ಭಯ.

ಹೋಗಬೇಕಾದ ದಿನ ಬೆಳಗ್ಗೆ ಎದ್ದಾಗ ಮೈ ಬಿಸಿಯಿತ್ತು, ಗಂಟಲು ಕೆರೆಯುತ್ತಿತ್ತು. ಮೊಳೆಯಕ್ಕ ಗೋಡೆ ಕಡೆ ತಿರುಗಿ ಜ್ವರದ ಮಾತ್ರೆ ನುಂಗಿದಳು. ಕೀಮೋದವರಿಗೆ ಒಂದೊಂದು ದಿನ ಹೀಗೆ ಆಗುತ್ತದೆ ಎಂದು ತನಗೇ ಹೇಳಿಕೊಂಡಳು. ಟೆಂಪೊದಲ್ಲಿ ಅವಳು ತುಟಿ ಪಿಟಕ್ಕೆನ್ನದಿದ್ದಾಗ ಗಂಡನಿಗೆ ಅನುಮಾನ ಬಂತು.

"ಯಾಕೇ ಸುಮ್ನೆ ಕೂತಿದ್ದೀಯ? ಬಾಯಲ್ಲಿ ಮೊಳೆ ಇದ್ಯಾ?"

"ನೀವು ರಸ್ತೆ ನೋಡಿ ಓಡಿಸ್ರೀ."

ವಾರ್ಡಿನ ಹೊರಬಾಗಿಲಲ್ಲಿ ಗಾರ್ಡ್ ಪಿಸ್ತೂಲನ್ನು ಹಣೆಗೆ ಹಿಡಿದ. ಮಾತ್ರೆ ತನ್ನ ಕೆಲಸ ಮಾಡಿತ್ತು. "ನಾರ್ಮಲ್. ಹೋಗಮ್ಮಾ" ಎಂದ. ಮೊಳೆಯಕ್ಕ ವಾರ್ಡಿನ ಗಾಜಿನ ಬಾಗಿಲ ಬಳಿ ಬಂದು ಹಿಡಿಯ ಮೇಲೆ ಕೈಯಿಟ್ಟಳು. ಒಂದು ತಳ್ಳು ತಳ್ಳಿದರೆ ಒಳಗೆ. ಸಂಜೆಯೊಳಗೆ ಎಲ್ಲ ಮುಗಿದು ಹೋಗುತ್ತದೆ.

ಗಾಜಿನಾಚೆ ಅವಳ ಕುರ್ಚಿಯ ಮೇಲೆ ಚರ್ಮದ ಚೀಲ ಕೂತಿತ್ತು. ಕಂಡಕ್ಟರಮ್ಮ ಅವಳನ್ನು ಕಂಡು ಚೀಲ ಎತ್ತಿಕೊಂಡು, ಕುರ್ಚಿಯನ್ನು ಪಟಪಟ ತಟ್ಟಿ, ಬಾ ಬಾ ಎಂದು ಕೈಬೀಸಿದರು. ಮಾತು ಸರಿಯಾಗಿ ಕೇಳಲಿ ಎಂದು ಆಗಲೇ ಮಾಸ್ಕನ್ನು ಗಲ್ಲಕ್ಕೆ ಇಳಿಸಿದ್ದರು, ಆ ಹುಚ್ಚು ಹೆಂಗಸು.

ಮೊಳೆಯಕ್ಕನ ಕೈ ಅಲ್ಲೇ ನಿಂತಿತು. ಈ ಕೆರೆಯುವ ಗಂಟಲು ಏನೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೇ ಮಾತ್ರೆ ನುಂಗಿದ್ದು. ತಾನು ಬದುಕಬೇಕು ಎಂಬ ಆಸೆಯಲ್ಲಿ ತಪ್ಪೇನಿದೆ ಎಂದು ದಾರಿಯುದ್ದಕ್ಕೂ ಕೇಳಿಕೊಂಡಿದ್ದಳು. ಆದರೆ ತನಗಾಗಿ ಸೀಟು ಹಿಡಿದು ಕೂತವರ ಪಕ್ಕದಲ್ಲಿ ಹೋಗಿ ಅವರ ಸಾವನ್ನು ಇಳಿಸಿ ಬರುವುದು ಅವಳಿಂದ ಸಾಧ್ಯವಿರಲಿಲ್ಲ. ಅಲ್ಲೇ ಅವಳಿಗೆ ತನ್ನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು, ಅಳುವೂ ಬಂತು. ತಿರುಗಿ ಗಾರ್ಡ್ ಹತ್ತಿರ ಬಂದಳು.

"ಅಣ್ಣಾ, ನಿನ್ನ ಪಿಸ್ತೂಲು ಸುಳ್ಳು ಹೇಳ್ತಿದೆ. ನಂಗೆ ಜ್ವರ ಇದೆ. ಮಾತ್ರೆ ನುಂಗಿ ಬಂದಿದ್ದೀನಿ."

ಗಾರ್ಡ್ ಹಿಂದಕ್ಕೆ ಹಾರಿದ ರಭಸಕ್ಕೆ ಕುರ್ಚಿಯೊಂದು ಉರುಳಿತು. ಸಾಲಿನಲ್ಲಿದ್ದವರು ಚದುರಿದರು. ಮೊಳೆಯಕ್ಕ ಒಬ್ಬಳೇ ಖಾಲಿಯಾದ ಜಾಗದ ನಡುವೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಾಜಿನಾಚೆ ಕಂಡಕ್ಟರಮ್ಮನ ಬೀಸುತ್ತಿದ್ದ ಕೈ ನಿಧಾನವಾಗಿ ಕೆಳಗಿಳಿಯಿತು.

ಪರೀಕ್ಷೆಯಲ್ಲಿ ಕೊರೊನಾ ಎಂದೇ ಬಂತು. ಅವತ್ತೇ ವೈರಸ್ಸಿಗೆ ಔಷಧಿ ಶುರುಮಾಡಿದರು. ಮೊಳೆಯಕ್ಕ ಹೊದ್ದು ಮಲಗಿ, ಕೆಮ್ಮಿ ಕೆಮ್ಮಿ ಪಕ್ಕೆ ನೋಯಿಸಿಕೊಂಡಳು. ಕೆಲವು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆಯನ್ನೂ ಮೂಗಿಗೆ ಇಟ್ಟುಕೊಳ್ಳಬೇಕಾಯಿತು. ಡಾಕ್ಟರಮ್ಮ ಮೈಯೆಲ್ಲ ಮುಚ್ಚಿದ ಉಡುಪಿನಲ್ಲಿ ನೋಡಲು ಬಂದಾಗ ಅವಳು ಬಹಳ ದಿನದಿಂದ ನುಂಗಿಟ್ಟುಕೊಂಡ ಪ್ರಶ್ನೆಯನ್ನು ಕೇಳಿದಳು.

"ಡಾಕ್ಟ್ರೇ, ಡೋಸು ತಪ್ಪಿತಲ್ಲ. ನಾನು ಉಳೀತೀನಾ?"

"ತಪ್ಪಿಲ್ಲ, ಮುಂದಕ್ಕೆ ಹೋಗಿದೆ. ಕೆಲವು ವಾರ ತಡವಾದ್ರೆ ಇಷ್ಟು ದಿನ ಕೊಟ್ಟಿದ್ದು ವ್ಯರ್ಥ ಆಗಲ್ಲ. ಅವತ್ತು ಜ್ವರ ಮುಚ್ಚಿಟ್ಟು ಕೀಮೋ ತಗೊಂಡಿದ್ರೆ ಗೊತ್ತಾ? ಒಳಗೆ ವೈರಸ್, ಮೇಲೆ ಕೀಮೋ. ಕಾಯೋಕೆ ಮೈಯಲ್ಲಿ ಒಂದು ಬಿಳಿ ಕಣ ಉಳಿಯೋದು ಕಷ್ಟ ಆಗ್ತಿತ್ತು. ಆಗ ಈ ಪ್ರಶ್ನೆ ಕೇಳೋಕೆ ನೀವೇ ಇರ್ತಿದ್ರೋ ಇಲ್ವೋ."

ಕಂಡಕ್ಟರಮ್ಮನ ಜೀವ ಉಳಿಸಲು ತಾನು ದೊಡ್ಡ ತ್ಯಾಗ ಮಾಡಿದೆ ಎಂದು ಮೊಳೆಯಕ್ಕ ಒಳಗೊಳಗೇ ಬೀಗಿದ್ದಳು. ನೋಡಿದರೆ ಉಳಿದದ್ದು ತನ್ನ ಜೀವ. ಸ್ವಲ್ಪ ನಿರಾಸೆಯೇ ಆಯಿತು ಎನ್ನಬೇಕು.

ಕೆಮ್ಮು ನಿಂತು, ರಕ್ತ ಪರೀಕ್ಷೆ ಸರಿಬಂದು, ಡಾಕ್ಟರಮ್ಮ ಒಪ್ಪಿದ ಮೇಲೆ ಅವಳು ಮತ್ತೆ ಆ ಗಾಜಿನ ಬಾಗಿಲು ತಳ್ಳಿದಳು. ಇಷ್ಟು ವಾರಗಳಲ್ಲಿ ಕಂಡಕ್ಟರಮ್ಮನ ಸುದ್ದಿಯೇ ಇರಲಿಲ್ಲ. ಕುರ್ಚಿಯಲ್ಲಿ ಸಿಗುವವರೆಂಬ ಧೈರ್ಯದಲ್ಲಿ ಇಬ್ಬರೂ ಫೋನ್ ನಂಬರ್ ಕೂಡ ಕೇಳಿಕೊಂಡಿರಲಿಲ್ಲ, ಎಂಥ ದಡ್ಡರು ನೋಡಿ. ವಾರ್ಡಿನೊಳಗೆ ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ತಾನು ಹೊಲಿದ ಕುರ್ಚಿ ಖಾಲಿ. ಅದರ ಮೇಲೆ ಮಡಿಸಿಟ್ಟ ಒಂದು ಹೊದಿಕೆ. ತನ್ನ ಕುರ್ಚಿಯ ಮೇಲೆ ಚರ್ಮದ ಚೀಲ.

ಚೀಲವಿದ್ದು ಅವರಿಲ್ಲವೆಂದರೆ ಏನರ್ಥ? ಅವತ್ತು ಬಾಗಿಲ ಹಿಡಿಯನ್ನು ಮುಟ್ಟಿದ ತನ್ನ ಕೈಯಿಂದಲೇ ಸೋಂಕು ಹತ್ತಿತೇ? ನರ್ಸನ್ನು ಕೇಳಲು ಬಾಯಿ ಬರಲಿಲ್ಲ. ಜೀವನದಲ್ಲಿ ಮೊದಲ ಸಲ ಮೊಳೆಯಿಲ್ಲದೆಯೇ ಅವಳ ಬಾಯಿ ಕಟ್ಟಿತ್ತು.

"ಯಾರ್ರೀ ಅದು ದಾರೀಲಿ ನಿಂತಿರೋದು? ಮುಂದೆ ಹೋಗಿ, ಮುಂದೆ ಖಾಲಿ ಇದೆ!"

ಶೌಚಾಲಯದ ಕಡೆಯಿಂದ ಡ್ರಿಪ್ ಕಂಬ ತಳ್ಳಿಕೊಂಡು ಕಂಡಕ್ಟರಮ್ಮ ಬರುತ್ತಿದ್ದರು. ಇನ್ನಷ್ಟು ಸಣ್ಣಗಾಗಿದ್ದರು, ಗಂಟಲು ಮಾತ್ರ ಹಾಗೇ ಇತ್ತು. ಮೊಳೆಯಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಅಕ್ಕಾ, ಜೀವ ಬಾಯಿಗೆ ಬಂದಿತ್ತಲ್ಲ!"

"ಬಾಯಿಗೆ ಬಂದಿದ್ರೆ ಒಳ್ಳೇದೇ, ಮೊಳೆ ಬದಲು ಅದನ್ನೇ ಹಿಡ್ಕೊಂಡಿರು. ಪ್ರತಿ ಸಲ ಬಂದಾಗ್ಲೂ ನಿನ್ನ ಸೀಟು ಹಿಡಿದಿದ್ದೀನಿ. ಈ ಸಿಸ್ಟರ್ ಹತ್ರ ಎಷ್ಟು ಜಗಳ ಆಡಿದ್ದೀನಿ ಕೇಳು."

ದೊಡ್ಡ ನರ್ಸ್ ದೂರದಿಂದ ಕೈಮುಗಿದು ತೋರಿಸಿದರು.

ಮೊಳೆಯಕ್ಕ ಚೀಲ ಎತ್ತಿ ಅವರ ಕೈಗೆ ಕೊಟ್ಟಳು. ಕೂತಳು. ಸೂಜಿ ಚುಚ್ಚಿ ಔಷಧಿ ಇಳಿಯತೊಡಗಿದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ಅವತ್ತು ನಾನು ಬೇಕಂತಲೇ ಮಾತ್ರೆ ನುಂಗಿ ಬಾಗಿಲವರೆಗೂ ಬಂದಿದ್ದೆ ಅಕ್ಕಾ. ನಿಮ್ಮ ಪಕ್ಕ ಕೂರೋಕೆ."

"ಗೊತ್ತು. ಆ ಗಾರ್ಡ್ ಇಡೀ ಆಸ್ಪತ್ರೆಗೆ ಹೇಳ್ಕೊಂಡು ಬಂದಿದ್ದಾನೆ."

"ಸಿಟ್ಟಿಲ್ವಾ?"

"ಬಾಗಿಲವರೆಗೆ ಬರೋರು ಬೇಕಾದಷ್ಟು ಜನ ಇದ್ದಾರೆ ಕಣೇ. ವಾಪಸ್ ಹೋದೆಯಲ್ಲ, ಅದಕ್ಕೇ ಈ ಸೀಟು." ಕಂಡಕ್ಟರಮ್ಮ ಮಾಸ್ಕನ್ನು ಗಲ್ಲಕ್ಕೆ ಇಳಿಸಲು ಹೋದರು. ಮೊಳೆಯಕ್ಕ ಅತ್ತ ಬಾಗಿ, ಸೂಜಿಯಿಲ್ಲದ ಕೈ ಚಾಚಿ ಅದನ್ನು ಮತ್ತೆ ಮೂಗಿನ ಮೇಲಕ್ಕೆ ಎಳೆದಳು.

ಸಂಜೆ ಸೂಜಿ ತೆಗೆದು ಹತ್ತಿ ಅಂಟಿಸಿದರು. ಮೊಳೆಯಕ್ಕ ಎದ್ದಳು. ಕಂಡಕ್ಟರಮ್ಮ ಅಭ್ಯಾಸಬಲದಿಂದ ಚೀಲವನ್ನು ಆ ಕುರ್ಚಿಯ ಮೇಲೆ ಇಡಲು ಹೋದವರು, ಕೈ ತಡೆದು, ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಈ ಸೀಟು ಇನ್ನು ನಿಂಗೆ ಬೇಡ. ಇಳಿ, ನಿನ್ನ ಸ್ಟಾಪ್ ಬಂತು" ಎಂದರು. "ನನ್ನ ನಂಬರ್ ತಗೊಂಡು ಹೋಗು. ಮನೆಗೆ ಫೋನ್ ಮಾಡು."

ಕೆಳಗೆ ಗಂಡ ಟೆಂಪೊದಲ್ಲಿ ಕಾಯುತ್ತಿದ್ದ. ಹತ್ತಿ ಕೂತವಳ ಮಾತು ಆಸ್ಪತ್ರೆಯ ಗೇಟು ದಾಟುವ ಮೊದಲೇ ಶುರುವಾಯಿತು, ಮನೆ ಮುಟ್ಟಿದರೂ ನಿಲ್ಲಲಿಲ್ಲ. ಗಂಡ ಸುತ್ತುದಾರಿ ಹಿಡಿದು ನಿಧಾನವಾಗಿ ಓಡಿಸಿದ. ಮೊಳೆಯ ಮಾತನ್ನು ಅವನು ಎತ್ತಲೇ ಇಲ್ಲ.