ಹತ್ತಕ್ಕೆ ಎರಡು ಅಂದ ಉಸ್ತಾದ್

ಗರಡೀಲಿ ಬೆಳೆದೋನ ಬಾಯಲ್ಲಿ ನೋವು ಅನ್ನೋ ಮಾತು ಬರಬಾರದು. ಚಾಮರಾಜಪೇಟೆಯ ನಮ್ಮ ಕುಸ್ತಿ ಗರಡೀಲಿ ಮೊದಲ ದಿನ ಕಲಿಸೋದೇ ಅದು. ಮೂಳೆ ಮುರಿದ್ರೂ "ಏನಿಲ್ಲ" ಅನ್ನಬೇಕು. ನಮ್ಮಪ್ಪ ಬಿನ್ನಿಪೇಟೆ ಮಿಲ್ಲಲ್ಲಿ ಪಾಳಿ ಮುಗಿಸಿ ಬಂದು ಇದೇ ಕೆಂಪು ಮಣ್ಣಲ್ಲಿ ತೊಡೆ ತಟ್ಟಿದೋರು. ಅವರಾದ ಮೇಲೆ ಉಸ್ತಾದ್ ಪಟ್ಟ ನನಗೆ ಬಂತು. ಜಂಬ ಅಂದ್ರೆ ಜಂಬ ಅಂದ್ಕೊಳ್ಳಿ, ನನ್ನ ಹತ್ರ ಕಲಿತೋರ ಬೆನ್ನಿಗೆ ಮಣ್ಣು ಹತ್ತಿಸೋದು ಅಷ್ಟು ಸುಲಭ ಅಲ್ಲ.

ಅಂಥ ನನ್ನ ಸೊಂಟ ಅರವತ್ತೆರಡಕ್ಕೆ ಕೈ ಕೊಡ್ತು. ಬಗ್ಗಿದ್ರೆ ಏಳೋಕಾಗಲ್ಲ, ಹಿಂದಕ್ಕೆ ವಾಲಿದ್ರೆ ಕೆಂಡ ಇಟ್ಟಂಗಾಗೋದು. ಎಣ್ಣೆ, ಮಾತ್ರೆ, ವ್ಯಾಯಾಮ, ಎರಡು ವರ್ಷ ಎಲ್ಲಾ ಮಾಡಿದ್ದಾಯ್ತು.

ನಾಗರಪಂಚಮಿ ದಿನ ನಮ್ಮಲ್ಲಿ ಗರಡಿ ಮಣ್ಣಿಗೆ ಎಣ್ಣೆ, ಅರಿಶಿನ, ನಿಂಬೆರಸ ಹಾಕಿ ಅಗೆದು ಹದ ಮಾಡ್ತೀವಿ. ಮೊದಲ ಗುದ್ದಲಿ ಉಸ್ತಾದಂದು. ಹೋದ ವರ್ಷ ನಾನು ಜ್ವರ ಅಂತ ಸುಳ್ಳು ಹೇಳಿ ಮನೇಲಿ ಕೂತೆ, ನನ್ನ ಹಿರೀ ಶಿಷ್ಯ ಅಗೆದ. ಇನ್ನೊಂದು ವರ್ಷ ತಪ್ಪಿದ್ರೆ ಗುದ್ದಲಿ ಅವನದೇ, ಪಟ್ಟವೂ ಅವನದೇ. ಬಂಗಾರದಂಥ ಮನುಷ್ಯ ಅವನು. ಆದ್ರೂ ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳ್ಲಿ?

ಹೆಂಡತಿ ಬಸವನಗುಡಿ ಕಡೆ ಒಬ್ಬ ನೋವಿನ ಡಾಕ್ಟರ ಹತ್ರ ಎಳ್ಕೊಂಡು ಹೋದಳು. ಡಾಕ್ಟರು ಹೆಣ್ಣುಮಗಳು. ಸ್ಕ್ಯಾನ್ ನೋಡಿ ಹೇಳಿದ್ರು, "ಬೆನ್ನುಮೂಳೆಯ ಸಣ್ಣ ಕೀಲುಗಳು ಸವೆದಿವೆ ಸರ್. ಅಲ್ಲಿಂದ ನೋವು ತರೋ ನರಾನ ಸೂಜಿ ತುದಿ ಬಿಸಿ ಮಾಡಿ ಸುಡಬಹುದು. ಕೊಯ್ಯೋದೇನಿಲ್ಲ, ಅವತ್ತೇ ಮನೆಗೆ ಹೋಗಬಹುದು. ಆದ್ರೆ ಎಲ್ಲರಿಗೂ ಹೊಂದಲ್ಲ, ಮೊದಲು ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ಪರೀಕ್ಷೆ ಮಾಡಬೇಕು. ನಿಮ್ಮ ನೋವು ಹತ್ತಕ್ಕೆ ಎಷ್ಟು?"

ಎದೆ ಸೆಟೆಸಿ "ಎರಡು" ಅಂದೆ.

"ಎರಡಕ್ಕೆ ಇದೆಲ್ಲ ಬೇಡ ಸರ್, ವ್ಯಾಯಾಮ ಮುಂದುವರಿಸಿ" ಅಂದ್ಬಿಟ್ರು.

ಆಟೋ ಹತ್ತಿದ್ದೇ ತಡ, ಹೆಂಡತಿ ಶುರು ಹಚ್ಕೊಂಡಳು. "ಎರಡಂತೆ ಎರಡು! ಬೆಳಿಗ್ಗೆ ನಿಮ್ಮನ್ನ ಮಂಚದಿಂದ ಎಬ್ಬಿಸೋಳು ನಾನು. ನಿಮ್ಮ ಕಾಲಿನ ಉಗುರು ಕತ್ತರಿಸೋಳು ನಾನು. ಪಂಚಮಿ ದಿನ ಗುದ್ದಲೀನೂ ನಾನೇ ಹಿಡೀಲಾ? ತಿರುಗಿಸಪ್ಪಾ ಗಾಡಿ!"

ಆಟೋದವನು ನನ್ನ ಮುಖ ಕೂಡ ನೋಡದೆ ತಿರುಗಿಸಿದ.

ಡಾಕ್ಟರ ಮುಂದೆ ನಿಂತು "ಹೇಳಿ ರೀ" ಅಂದಳು. ತಲೆ ತಗ್ಗಿಸಿ "ಎಂಟು" ಅಂದೆ. ಅಷ್ಟು ನಾಚಿಕೆ ನನಗೆ ಸೋತಾಗಲೂ ಆಗಿರಲಿಲ್ಲ.

ಪರೀಕ್ಷೆ ಇಂಜೆಕ್ಷನ್ ಕೊಟ್ಟ ದಿನ ಮಲಗಬೇಡಿ, ನೋವು ಬರೋ ಕೆಲಸಾನೇ ಮಾಡಿ ನೋಡಿ ಅಂದಿದ್ರು. ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು, ಬಗ್ಗಿ ನನ್ನ ಕಾಲುಗುರು ನಾನೇ ಕತ್ತರಿಸಿಕೊಂಡೆ. ಹೆಂಡತಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಸಂಜೆಗೆ ಮದ್ದು ಇಳಿದು ನೋವು ವಾಪಸ್ ಬಂತು. ಇನ್ನೊಂದು ಸಲ ಕೊಟ್ಟಾಗಲೂ ಹಾಗೇ ಆಯ್ತು. ನರ ಇದೇ ಅಂತ ಡಾಕ್ಟರಿಗೆ ಖಾತ್ರಿಯಾಯ್ತು.

ಸುಡೋ ದಿನ ಬೋರಲು ಮಲಗಿಸಿದ್ರು, ಪೂರ್ತಿ ಎಚ್ಚರ ಇತ್ತು. "ಜಾಗ ನೋಡೋಕೆ ಸ್ವಲ್ಪ ಕರೆಂಟ್ ಬಿಡ್ತೀನಿ. ಕಾಲಿಗೆ ಇಳಿದ್ರೆ ತಕ್ಷಣ ಹೇಳಿ. ಕಾಲಿನ ನರಕ್ಕೆ ಬಿಸಿ ತಾಗಬಾರದು" ಅಂದ್ರು ಡಾಕ್ಟರು.

ಬಲಗಡೆ ಸಲೀಸಾಗಿ ಮುಗೀತು. ಎಡಗಡೆ ಸೂಜಿ ಇಟ್ಟಾಗ ತೊಡೆಯಿಂದ ಮೀನಖಂಡಕ್ಕೆ ಸಣ್ಣಗೆ ಚುಳ್ ಅಂತು. ದೊಡ್ಡದೇನಲ್ಲ, ಕುಸ್ತೀಲಿ ಅದರ ನೂರರಷ್ಟು ನುಂಗಿದೀನಿ. "ಏನಿಲ್ಲ" ನಾಲಿಗೆ ತುದೀಗೇ ಬಂದಿತ್ತು. ಕಾಲೇ ಹೋದ್ರೆ ಉಸ್ತಾದ್‌ಗಿರಿ ಎಲ್ಲಿ ಬಂತು?

"ಕಾಲಿಗೆ ಬಂತು ಮೇಡಂ! ನೋವು!" ಅಂತ ಹೊರಗೆ ಕೂತೋರಿಗೂ ಕೇಳೋ ಹಾಗೆ ಕಿರುಚಿದೆ.

ಡಾಕ್ಟರು ಅಲ್ಲೇ ನಿಲ್ಲಿಸಿ ಸೂಜಿ ಸರಿಸಿದ್ರು. "ಒಳ್ಳೇ ಕೆಲಸ ಮಾಡಿದ್ರಿ ಸರ್" ಅಂದ್ರು. ಬೆಳ್ಳಿ ಗದೆ ಗೆದ್ದ ದಿನಕ್ಕಿಂತ ಹೆಚ್ಚು ಹೆಮ್ಮೆ ಆಯ್ತು ನನಗೆ, ಆಣೆಗೂ.

ಮೂರು ವಾರ ಹುಣ್ಣಾದಂಗಿದ್ದು, ಆಮೇಲೆ ಸೊಂಟ ಹಗುರಾಯ್ತು. ನರ ಮತ್ತೆ ಬೆಳೀಬಹುದು, ನೋವೂ ಮರಳಬಹುದು ಅಂದಿದಾರೆ. ಬಂದ್ರೆ ಬರಲಿ, ನಂಬರ್ ಹೇಳೋಕೆ ಈಗ ಬರುತ್ತೆ.

ಪಂಚಮಿ ದಿನ ಪೂಜೆ ಆದ್ಮೇಲೆ ಗುದ್ದಲಿ ಎತ್ತಿ, ಬಗ್ಗಿ, ಮೊದಲ ಮಣ್ಣು ಮಗುಚಿದೆ. ಗರಡಿ ತುಂಬ ಚಪ್ಪಾಳೆ. ಉಳಿದದ್ದು ಅಗೀಲಿ ಅಂತ ಹಿರೀ ಶಿಷ್ಯನಿಗೆ ಗುದ್ದಲಿ ಕೊಟ್ಟೆ. ನಲವತ್ತೈದರ ಆಳು, ನಾಲ್ಕು ಏಟು ಹಾಕೋದ್ರೊಳಗೆ ಅವನ ಕೈ ಮಂಡಿಗೆ ಹೋಯ್ತು.

"ಏನೋ ಅದು?"

"ಏನಿಲ್ಲ ಉಸ್ತಾದ್ರೇ."

"ಹತ್ತಕ್ಕೆ ಎಷ್ಟು, ಹೇಳೋ."

ಅವನು ಸುತ್ತ ನಿಂತೋರ ಮುಖ ನೋಡಿದ, ಗೋಡೆ ಮೇಲಿದ್ದ ನಮ್ಮಪ್ಪನ ಫೋಟೋ ನೋಡಿದ, ಕೊನೆಗೆ ನನ್ನ ನೋಡಿದ.

"ಏಳು" ಅಂದ.

"ಭೇಷ್!" ಅಂತ ಅವನ ಬೆನ್ನು ತಟ್ಟಿ, ಗುದ್ದಲಿ ವಾಪಸ್ ಇಸ್ಕೊಂಡು ಉಳಿದದ್ದನ್ನ ನಾನೇ ಅಗೆದೆ.