ಎಡಗಡೆ ಹಿಂದಿನ ಸ್ಪೀಕರ್

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಮಾಟ ಎಂದರೆ ನಾನು ನಗುವವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಗದೆ ಇನ್ನೇನು ಮಾಡಬೇಕು? ನಮ್ಮ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಸಾಕು, ಯಲ್ದೂರು ರಸ್ತೆಯಲ್ಲಿ ಬೈಕು ತಾನಾಗಿ ನಿಂತ ಕಥೆಯನ್ನು ಯಾರಾದರೂ ತೆಗೆಯುತ್ತಿದ್ದರು. ಪೆಟ್ರೋಲ್ ಇತ್ತಾ ನೋಡಿದ್ರಾ ಸಾರ್ ಎಂದು ಕೇಳಿ ನಾನು ಎಲ್ಲರ ಊಟದ ರುಚಿ ಕೆಡಿಸುತ್ತಿದ್ದೆ. ಈಗ ನನ್ನದೇ ಒಂದು ಕಥೆ ಹೇಳಲು ಕೂತಿದ್ದೇನೆ, ನಗುವವರು ಧಾರಾಳವಾಗಿ ನಗಬಹುದು. ಇದರಲ್ಲಿ ಅಮಾವಾಸ್ಯೆಯೂ ಇಲ್ಲ, ನಡುರಾತ್ರಿಯೂ ಇಲ್ಲ. ಅದೊಂದು ಭಾನುವಾರದ ಹಗಲು, ಅಡುಗೆಮನೆಯಲ್ಲಿ ಅವರೆಕಾಯಿ ಸಾರು ಕುದಿಯುತ್ತಿತ್ತು.

ಶ್ರೀನಿವಾಸಪುರದಲ್ಲಿ ನಮ್ಮದು ಹಳೆಯ ಮನೆ. ಮಾವಿನ ತೋಟದವರ ಮನೆಯಾದ್ದರಿಂದ ಮುಂದೆ ಒಂದು ಉದ್ದನೆಯ ಹಜಾರ. ಮಾವಿನ ಕಾಲದಲ್ಲಿ ಅದರ ತುಂಬ ಹುಲ್ಲು ಹರಡಿ ಕಾಯನ್ನು ಹಣ್ಣಿಗೆ ಹಾಕುತ್ತಿದ್ದರಂತೆ. ನಮ್ಮ ಮಾವ ಮತ್ತು ಅವರ ತಮ್ಮ, ಅಂದರೆ ನನ್ನ ಚಿಕ್ಕಮಾವ, ಇಬ್ಬರೂ ಒಪ್ಪಿಯೇ ಮನೆಯನ್ನು ಭಾಗ ಮಾಡಿಕೊಂಡರು. ಜಗಳ ಭಾಗದ್ದಲ್ಲ, ಗೋಡೆಯದ್ದು. ಚಿಕ್ಕಮಾವ ಸಂಸಾರ ಸಮೇತ ತಿರುಪತಿಗೆ ಹೋಗಿದ್ದಾಗ ನಮ್ಮ ಮಾವ, ಹೇಗೂ ಆಗಬೇಕಾದ ಕೆಲಸ ತಾನೆ ಎಂದು, ಗಾರೆಯವರನ್ನು ಕರೆಸಿ ಹಜಾರದ ನಡುವೆ ಗೋಡೆ ಎಬ್ಬಿಸಿಬಿಟ್ಟರು. ತಿರುಪತಿಯಿಂದ ಬಂದರೆ ಪ್ರಸಾದ ಮೊದಲು ಮನೆಯ ಹಿರಿಯರ ಕೈಗೆ ಕೊಡುವುದು ನಮ್ಮಲ್ಲಿ ಪದ್ಧತಿ. ಗುಂಡು ಹೊಡೆಸಿಕೊಂಡ ತಲೆಯಲ್ಲಿ, ಲಡ್ಡು ಕೈಯಲ್ಲಿ ಹಿಡಿದು ಒಳಗೆ ಬಂದ ಚಿಕ್ಕಮಾವನಿಗೆ ಎದುರಾದದ್ದು ಹಸಿ ಇಟ್ಟಿಗೆ. ಅವತ್ತಿನ ಪ್ರಸಾದ ಹಿತ್ತಲ ಕಡೆಯಿಂದ, ಹೆಂಗಸರ ಕೈಯಿಂದ ಕೈಗೆ ಬಂತು.

ನಾನು ಮಾಲೂರಿನಿಂದ ಸೊಸೆಯಾಗಿ ಬರುವ ಹೊತ್ತಿಗೆ ಆ ಗೋಡೆಗೆ ಎಷ್ಟೋ ಸಲ ಸುಣ್ಣ ಬಳಿದಾಗಿತ್ತು. ಹೆಂಗಸರಾದ ನಮಗೆ ಗೋಡೆಯ ತಂಟೆಯೇ ಇರಲಿಲ್ಲ. ಹಿತ್ತಲಲ್ಲಿ ಸಾರು, ಪಲ್ಯ, ಊರಿನ ಸುದ್ದಿ ಎಲ್ಲವೂ ಅತ್ತಿಂದಿತ್ತ ಓಡಾಡುತ್ತಿದ್ದವು. ಅಣ್ಣತಮ್ಮಂದಿರು ಮಾತ್ರ ಎದುರು ಸಿಕ್ಕರೂ ಮುಖ ತಿರುಗಿಸುತ್ತಿದ್ದರು. ಬಾಯಿ ತುಂಬ ಅಣ್ಣಯ್ಯ, ಅಣ್ಣಯ್ಯ ಎನ್ನುತ್ತಿದ್ದ ಚಿಕ್ಕಮಾವ ಈಗ ಮಾವನನ್ನು ‘ಪಕ್ಕದ್ಮನೆಯೋರು’ ಎನ್ನುತ್ತಿದ್ದರು. ಮಾವನಿಗೆ ಅದು ಚುಚ್ಚುತ್ತಿತ್ತು. ತಪ್ಪು ತನ್ನದೇ ಎಂದು ಅವರಿಗೆ ಗೊತ್ತು, ಹೋಗಿ ಹೇಳಲು ಮಾತ್ರ ಕಾಲು ಬರುತ್ತಿರಲಿಲ್ಲ. ಒಂದು ಸಲ ಜ್ವರ ಬಂದು ಮಲಗಿದ್ದಾಗ ನನ್ನ ಹತ್ತಿರ, “ನನ್ನೆದುರಿಗೆ ನಿಂತ್ಕೊಂಡು ಅವನು ಒಂದ್ಸಲ ಅಣ್ಣಯ್ಯ ಅಂದ್ರೆ ಸಾಕು ಕಣಮ್ಮ, ಇನ್ನೇನೂ ಬೇಡ ನನಗೆ” ಎಂದಿದ್ದರು. ನಾನು ಕಷಾಯ ಕೊಟ್ಟೆ. ಇಬ್ಬರು ಮುದುಕರ ಹಟದ ಮಧ್ಯೆ ಸೊಸೆಯಿಂದ ಏನು ಮಾಡಲಾಗುತ್ತದೆ ಹೇಳಿ.

ಇನ್ನು ಹೋಮ್ ಥಿಯೇಟರಿನ ವಿಷಯ. ಮಾವನ ಕಿವಿ ಮಂದವಾಗಿ ಕೆಲವು ವರ್ಷಗಳಾಗಿದ್ದವು. ಟಿವಿಯಲ್ಲಿ ಸಿನಿಮಾ ಹಾಕಿದರೆ, ಬರೀ ಗಾಡಿ ಸದ್ದು ಕೇಳುತ್ತದೆ, ಮಾತೇ ಕೇಳುವುದಿಲ್ಲ ಎಂದು ಎದ್ದು ಹೋಗುತ್ತಿದ್ದರು. ಅಪ್ಪನಿಗೋಸ್ಕರ ಎಂದು ನಮ್ಮವರು ಸದ್ದನ್ನು ಹಂಚಿಕೊಡುವ ಒಂದು ರಿಸೀವರನ್ನೂ ಐದು ಸ್ಪೀಕರುಗಳನ್ನೂ ಹುಲಿಯಂತೆ ಗುರುಗುಟ್ಟುವ ಒಂದು ದಪ್ಪ ಡಬ್ಬವನ್ನೂ ತಂದರು. ಅಪ್ಪನಿಗೋಸ್ಕರ ಎನ್ನುವುದು ಅರ್ಧ ಸತ್ಯ. ಆ ಡಬ್ಬವನ್ನು ಮೊದಲ ದಿನವೇ ಪೂರ್ತಿ ಏರಿಸಿ ಅಟ್ಟದ ಮೇಲಿನ ಪಾತ್ರೆಗಳೆಲ್ಲ ನಡುಗುವಂತೆ ಮಾಡಿದವರು ಅವರೇ.

ಪುಸ್ತಕ ಓದಿ ಯಂತ್ರ ಹೊಂದಿಸುವ ತಾಳ್ಮೆ ಅವರಿಗಿಲ್ಲ. ಆ ಕೆಲಸ ನನ್ನ ತಲೆಗೆ ಬಂತು. ಮೂವಿ, ಮ್ಯೂಸಿಕ್, ಸ್ಟೀರಿಯೊ, ನೈಟ್ ಎಂದು ಅದರಲ್ಲಿ ಹತ್ತಾರು ಬಗೆ. ಮೂವಿ ಹಾಕಿದರೆ ಮಳೆ ಬೆನ್ನ ಹಿಂದೆ ಸುರಿಯುತ್ತದೆ, ಮಾತು ಮುಳುಗುತ್ತದೆ. ಎಲ್ಲ ಸ್ಪೀಕರಿನಲ್ಲೂ ಒಂದೇ ಸದ್ದು ಬರುವಂತೆ ಇಟ್ಟರೆ ಗಣೇಶನ ಪೆಂಡಾಲಿನಲ್ಲಿ ಕೂತ ಹಾಗಾಗುತ್ತದೆ. ನೈಟ್ ಎನ್ನುವುದು ಜೋರು ಸದ್ದನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತಿಕೊಡುತ್ತದೆ. ಮಾವನಿಗೆ ಅದೇ ಸರಿ ಎನಿಸಿತು. ಟಿವಿಯ ಕೆಳಗಿನ ನಡುವಿನ ಸ್ಪೀಕರಿನಿಂದಲೇ ಮಾತು ಬರುವುದರಿಂದ ಅದನ್ನು ಒಂದಿಷ್ಟು ಹೆಚ್ಚಿಸಬೇಕು ಎಂದೂ ತಿಳಿಯಿತು. ಇದನ್ನೆಲ್ಲ ಮಾಡುವ ಮೊದಲು ಯಂತ್ರವೇ ಕೋಣೆಯ ಅಳತೆ ತೆಗೆದುಕೊಳ್ಳಬೇಕಂತೆ. ಅದಕ್ಕೆಂದೇ ಒಂದು ಪುಟ್ಟ ಮೈಕು ಕೊಟ್ಟಿರುತ್ತಾರೆ.

ಆ ಭಾನುವಾರ ನಾನು ಮಾಡಿದ್ದು ಈ ಅಳತೆಯ ಕೆಲಸ. ಕೂತವರ ಕಿವಿಯ ಎತ್ತರಕ್ಕೆ ಮೈಕು ಇಡಬೇಕು. ಮಾವ ಕೂರುವ ಜಾಗದಲ್ಲಿ ಮಾವಿನಕಾಯಿಯ ಕ್ರೇಟು ನಿಲ್ಲಿಸಿ, ಅದರ ಮೇಲೆ ಸೇರು ಬೋರಲು ಹಾಕಿ ಮೈಕು ಇಟ್ಟೆ. ಯಂತ್ರ ಒಂದೊಂದೇ ಸ್ಪೀಕರಿನಿಂದ ‘ಟುಪ್ ಟುಪ್’ ಎಂದು ಸದ್ದು ಬಿಡುತ್ತದೆ. ಅದು ಮೈಕಿಗೆ ಬರಲು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಸ್ಪೀಕರ್ ಎಷ್ಟು ದೂರವಿದೆ ಎಂದು ಟಿವಿಯಲ್ಲಿ ತೋರಿಸುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವ ಲೆಕ್ಕವೇ ಇದು, ಮಕ್ಕಳಿಗೆ ನಾನು ವರ್ಷವರ್ಷವೂ ಹೇಳಿಕೊಡುವ ಪಾಠ. ನಾಲ್ಕು ಸ್ಪೀಕರುಗಳ ಅಳತೆ ಸರಿಯಾಗಿ ಬಂತು. ಎಡಗಡೆ ಹಿಂದಿನದು ಆ ನಡುಗೋಡೆಯ ಮೇಲೆ ನೇತುಹಾಕಿದ್ದು. ಟೇಪು ಹಿಡಿದರೆ ಅದು ಮೈಕಿಗೆ ಏಳಡಿ ದೂರ, ಯಂತ್ರ ತೋರಿಸಿದ್ದು ಇಪ್ಪತ್ತೆರಡಡಿ.

ಯಂತ್ರ ತಪ್ಪು ಮಾಡುವುದುಂಟು. ವೈರು ಬಿಚ್ಚಿ ಮತ್ತೆ ಕಟ್ಟಿದೆ. ಬಲಗಡೆಯ ಸ್ಪೀಕರನ್ನು ತಂದು ಅಲ್ಲಿ ನೇತುಹಾಕಿದೆ. ಮತ್ತೆ ಅದೇ ಇಪ್ಪತ್ತೆರಡು. ಅದೇ ಸ್ಪೀಕರನ್ನು ಗೋಡೆಯಿಂದ ಇಳಿಸಿ ಸ್ಟೂಲಿನ ಮೇಲಿಟ್ಟರೆ ಸರಿಯಾದ ಅಳತೆ, ಗೋಡೆಗೆ ಏರಿಸಿದರೆ ಮತ್ತೆ ಇಪ್ಪತ್ತೆರಡು. ನಮ್ಮವರು, ವಿಜ್ಞಾನದ ಮೇಡಂ ಸೋತರು ಎಂದು ಕಿಚಾಯಿಸಿದರು. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಮಾವ ಎಷ್ಟು ತೋರಿಸುತ್ತಿದೆ ಎಂದು ಕೇಳಿದರು. ಜೋರಾಗಿ ಹೇಳಿದೆ. ಅವರು ಗೋಡೆಯನ್ನೇ ನೋಡುತ್ತಾ, “ಈ ಗೋಡೆ ಇಲ್ದಿದ್ರೆ, ನಾನು ಕೂರೋ ಜಾಗದಿಂದ ಅವನ ಕಡೆ ಕೊನೇ ಗೋಡೆಗೆ ಅಷ್ಟೇ ಆಗ್ತದೆ” ಎಂದರು. ಗೋಡೆ ಕಟ್ಟಿಸುವಾಗ ಅಳೆಸಿದವರು ಅವರೇ ತಾನೆ.

ನಾನು ಇದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರು. ನೋಡಿದರೆ ಚಿಕ್ಕಮಾವ. ನಾನು ಈ ಮನೆಗೆ ಬಂದ ಮೇಲೆ ಅವರು ನಮ್ಮ ಬಾಗಿಲಿಗೆ ಬಂದದ್ದು ಅದೇ ಮೊದಲು. ಜಗಲಿಯ ಕೆಳಗೇ ನಿಂತು, ಮಾವ ಅಲ್ಲಿ ಕೂತೇ ಇಲ್ಲ ಎನ್ನುವ ಹಾಗೆ ನನ್ನನ್ನು ಮಾತ್ರ ನೋಡಿ, “ಏನಮ್ಮಾ, ನಮ್ಮನೇಲಿ ಯಾಕಮ್ಮಾ ಸ್ಪೀಕರ್ ಇಟ್ಟಿದೀರ? ಬೆಳಗ್ಗಿಂದ ದೀಪದ ಗೂಡಲ್ಲಿ ಟುಪ್ ಟುಪ್ ಅಂತೈತೆ” ಎಂದರು. ದೀಪದ ಗೂಡು ಇರುವುದು ಅವರ ಭಾಗದ ಆಚೆ ಕೊನೆಯ ಗೋಡೆಯಲ್ಲಿ. ಸದ್ದು ಗೋಡೆ ದಾಟಿ ಬಂದಿರಬೇಕು ಎಂದೆ. ನಡುಗೋಡೆ ಹತ್ತಿರ ಯಾವ ಸದ್ದೂ ಇಲ್ಲ, ಬೇಕಾದರೆ ಬಂದು ನೋಡು ಎಂದರು.

ನಾನು ಹೋದೆ. ಅಲ್ಲಿ ಚಿಕ್ಕತ್ತೆ ಗೂಡಿನ ಮುಂದೆ ಕೈಕಟ್ಟಿ ನಿಂತಿದ್ದರು. ಅವರು ಮದನಪಲ್ಲಿ ಕಡೆಯವರು, ಗಾಬರಿಯಾದರೆ ತೆಲುಗೇ ಬರುವುದು. ನನ್ನನ್ನು ನೋಡಿ, “ಏಂದಮ್ಮಾ ಅದಿ?” ಎಂದು ಪಿಸುಗುಟ್ಟಿದರು. ಅದೇನು ಎಂದು ನನಗೆ ಮಾತ್ರ ಗೊತ್ತೇ? ನಮ್ಮವರಿಗೆ ಫೋನು ಮಾಡಿ, ಇನ್ನೊಂದು ಸಲ ಟೆಸ್ಟ್ ಹಾಕಿ ಎಂದು ಹೇಳಿ ಫೋನು ಇಟ್ಟೆ. ಇಟ್ಟೆ ಎನ್ನುವುದನ್ನು ಒತ್ತಿ ಹೇಳುತ್ತೇನೆ, ಆಮೇಲೆ ಫೋನು ತೆಗೆದು ನೋಡಿ ಕಾಲ್ ಕಟ್ಟಾಗಿದ್ದನ್ನು ಖಾತ್ರಿ ಮಾಡಿಕೊಂಡಿದ್ದೇನೆ. ಮೊದಲು ನಡುಗೋಡೆಗೆ ಕಿವಿ ಹಚ್ಚಿದೆ, ಏನೂ ಕೇಳಲಿಲ್ಲ. ಆಮೇಲೆ ಬೆನ್ನ ಹಿಂದೆ, ದೂರದ ಗೂಡಿನಿಂದ, ಟುಪ್ ಟುಪ್ ಎಂದಿತು. ಹತ್ತಿರ ಹೋದೆ. ಗೂಡಿನಲ್ಲಿ ಹಿತ್ತಾಳೆಯ ದೀಪ, ಬೆಂಕಿಪೊಟ್ಟಣ, ಒಂದಿಷ್ಟು ಬತ್ತಿ, ಅಷ್ಟೇ. ಸದ್ದು ಸ್ಪಷ್ಟವಾಗಿ ಅದರೊಳಗಿಂದಲೇ ಬರುತ್ತಿತ್ತು. ಕೈ ಒಳಗಿಟ್ಟೆ, ಅಂಗೈಗೆ ಸಣ್ಣಗೆ ಅದುರಿದ ಹಾಗಾಯಿತು. ನನಗೆ ಮೈಯೆಲ್ಲ ಜುಮ್ ಎಂದದ್ದು ನಿಜ, ಹೆದರಿಕೆ ಮಾತ್ರ ಆಗಲಿಲ್ಲ. ಯಾಕೆಂದು ಗೊತ್ತಿಲ್ಲ, ಆ ಸದ್ದಿನಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ.

ಸದ್ದು ನಿಂತಿತು. ಗೋಡೆ ಇಲ್ಲದಿದ್ದರೆ ಎಷ್ಟು ದೂರವೋ ಅಷ್ಟನ್ನೇ ಯಂತ್ರ ತೋರಿಸುತ್ತಿದೆ ಎಂದು ನಾನು ಚಿಕ್ಕಮಾವನಿಗೆ ಹೇಳಿದೆ. ಅವರು ಗೂಡಿನ ಅಂಚಿನ ಮೇಲೆ ಕೈಯಿಟ್ಟರು. ಆಮೇಲೆ ನನಗೆ ಹೇಳಿದರೋ ದೀಪಕ್ಕೆ ಹೇಳಿದರೋ, ಪಕ್ಕದಲ್ಲೇ ಇದ್ದ ನನಗೇ ಕಷ್ಟಪಟ್ಟು ಕೇಳುವಷ್ಟು ಮೆಲ್ಲಗೆ ಗೊಣಗಿದರು: “ಅಣ್ಣಯ್ಯ ಒಂದ್ ಮಾತು ಹೇಳಿದ್ರೆ, ಇಟ್ಟಿಗೆ ನಾನೇ ಎತ್ತಿಕೊಡ್ತಿದ್ದೆ.”

 ಚಿಕ್ಕತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಬೀದಿಯಲ್ಲಿ ಚಪ್ಪಲಿಯಿಲ್ಲದ ಕಾಲಿನ ಸದ್ದಾಯಿತು. ಮಾವ. ಆರಡಿ ದೂರದ ಟಿವಿಯಲ್ಲಿ ಕಿರುಚಿದರೂ ಏನೆಂದರು ಎಂದು ಕೇಳುವ ನಮ್ಮ ಮಾವ, ಏದುಸಿರು ಬಿಡುತ್ತಾ ಬಂದು ಚಿಕ್ಕಮಾವನ ಹೊಸ್ತಿಲ ಮೇಲೆ ನಿಂತರು. ಕಣ್ಣು ತುಂಬಿತ್ತು. “ಹೇಳ್ಬೇಕಾಗಿತ್ತು ಕಣೋ. ಒಂದ್ ಮಾತು ಹೇಳ್ಬೇಕಾಗಿತ್ತು. ತಪ್ಪಾಯ್ತು” ಎಂದರು.

ಚಿಕ್ಕಮಾವ ತಿರುಗಿ ನೋಡಿದರು. ಅವರ ಮುಖದಲ್ಲಿ ಆಶ್ಚರ್ಯವಿತ್ತೋ ನಾಚಿಕೆಯಿತ್ತೋ, ನನ್ನ ಕಣ್ಣು ಮಂಜಾಗಿತ್ತು, ಸರಿಯಾಗಿ ಹೇಳಲಾರೆ. ಬಯ್ಯುವ ದನಿಯಲ್ಲೇ ಹೇಳಿದರು: “ಒಳಗ್ ಬಾ ಅಣ್ಣಯ್ಯ. ಹೊಸ್ಲು ಮೇಲೆ ನಿಂತ್ಕೊಂಡು ಮಾತಾಡ್ಬಾರ್ದು.”

ಅವತ್ತು ಅವರೆಕಾಯಿ ಸಾರು ಹಿತ್ತಲ ದಾರಿ ಹಿಡಿಯಲಿಲ್ಲ, ಬೀದಿ ಬಾಗಿಲಿನಿಂದಲೇ ಹೋಯಿತು. ಎರಡು ಮನೆಯವರೂ ಒಂದೇ ಪಂಕ್ತಿಯಲ್ಲಿ ಉಂಡೆವು. ಬಡಿಸುತ್ತಾ ನಮ್ಮವರನ್ನು ಕೇಳಿದೆ, ಮಾವ ಯಾಕೆ ಎದ್ದು ಬಂದರು ಎಂದು. ನಮ್ಮವರಿಗೆ ಏನೂ ಕೇಳಿಸಿರಲಿಲ್ಲ. ಟೆಸ್ಟ್ ಮುಗಿದು ಮನೆ ಸುಮ್ಮನಿದ್ದಾಗ ಅಪ್ಪ ಇದ್ದಕ್ಕಿದ್ದ ಹಾಗೆ ಎದ್ದು ನಡೆದರು, ಅಷ್ಟೇ ಎಂದರು.

ಸಂಜೆ ಮತ್ತೆ ಅಳತೆ ತೆಗೆದೆ, ಏಳಡಿ ಬಂತು. ಆಮೇಲೆ ಎಷ್ಟು ಸಲ ತೆಗೆದರೂ ಏಳೇ. ಪ್ರತಿಧ್ವನಿ ಇರಬಹುದು, ಇಟ್ಟಿಗೆಯ ನಡುವೆ ಪೊಳ್ಳು ಇರಬಹುದು ಎಂದೆಲ್ಲ ಯೋಚಿಸಿದ್ದೇನೆ. ಮೈಕಿಗೆ ಬಿದ್ದ ಮಾತನ್ನು ಆ ಯಂತ್ರ ಸ್ಪೀಕರಿಗೆ ಕಳಿಸುವುದಿಲ್ಲ, ಅದನ್ನೂ ಪರೀಕ್ಷೆ ಮಾಡಿದ್ದೇನೆ. ಒಂದಕ್ಕೆ ಕಾರಣ ಹೊಂದಿಸಿದರೆ ಇನ್ನೊಂದಕ್ಕೆ ಹೊಂದುವುದಿಲ್ಲ. ಸ್ಟಾಫ್ ರೂಮಿನಲ್ಲಿ ಈಗ ಬೈಕಿನ ಕಥೆ ಬಂದರೆ ನಾನು ತಲೆ ಬಗ್ಗಿಸಿ ಊಟ ಮಾಡುತ್ತೇನೆ. ಗೋಡೆ ಈಗಲೂ ಇದೆ, ಕೆಡವುವ ಮಾತನ್ನು ಯಾರೂ ಎತ್ತಿಲ್ಲ. ಭಾನುವಾರ ಅಣ್ಣತಮ್ಮ ಇಬ್ಬರೂ ನಮ್ಮ ಕಡೆ ಕೂತು ಸಿನಿಮಾ ನೋಡುತ್ತಾರೆ. ಮಾವನಿಗೆ ಮಾತು ಜೋರಾಗಬೇಕು, ಚಿಕ್ಕಮಾವನಿಗೆ ಹಾಡು ಜೋರಾಗಬೇಕು, ರಿಮೋಟು ನನ್ನ ಕೈಯಲ್ಲಿ. ಇಂಥ ಕಿತ್ತಾಟ ಮನೆಯಲ್ಲಿರುವುದು ನನಗೆ ಸಂತೋಷವೇ.

ಬಹಳ ದಿನದ ಮೇಲೆ, ಇಬ್ಬರೇ ಇದ್ದಾಗ, ಮಾವನನ್ನು ಕೇಳಿಯೇಬಿಟ್ಟೆ. ಅವತ್ತು ಚಿಕ್ಕಮಾವ ಅಂದದ್ದು ನಿಮಗೆ ಹೇಗೆ ಕೇಳಿಸಿತು ಎಂದು. ಅವರು ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ ಹೇಳಿದರು.

“ಅವತ್ತೊಂದೇ ದಿನ ಅಲ್ಲ ಕಣಮ್ಮ. ಅವನು ದಿನಾ ದೀಪ ಹಚ್ಚೋವಾಗ ಅದೇ ಮಾತು ಅಂತಿದ್ದ. ಗೋಡೆ ಹಾಕ್ದಾಗಿಂದ ನನಗೆ ಕೇಳಿಸ್ತಾನೇ ಇತ್ತು.”

ಮತ್ತೆ ಅಷ್ಟು ವರ್ಷ ಯಾಕೆ ಹೋಗಲಿಲ್ಲ ಎಂದೆ.

“ಬಾಗ್ಲು ತೆಗೀತಾನೋ ಇಲ್ವೋ ಅಂತ ಭಯ. ಅವತ್ತು ನೀನು ಒಳಗಿದ್ದೆ, ಬಾಗ್ಲು ತೆಗೆದೇ ಇತ್ತು.”